ಇಳಕಲ್ಲಿನ ಭೋಂಗಾ, ಬಾದಾಮಿಯ ಭೋಂಗಾ

ಮಾನ್ಯ ಓದುಗರೇ, ನಿಮಗೊಂದು ನೇರ ಪ್ರಶ್ನೆ. ಊರಿನ ಧ್ವನಿವರ್ಧಕಗಳನ್ನೆಲ್ಲ ಕೆಳಗಿಳಿಸಲು ಹೊರಟ ಮನುಷ್ಯನ ಮನೆಯಲ್ಲಿ ಆಳೆತ್ತರದ ಧ್ವನಿವರ್ಧಕವೊಂದು ಇರಬಹುದೇ, ಇರಬಾರದೇ?

ಉತ್ತರಿಸಲು ಅವಸರ ಬೇಡ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ನಿಂತು ಬಹುಮಾನ ಪಡೆದ ನಾನು ಈ ವಿಷಯವನ್ನು ಎರಡೂ ಬದಿಯಿಂದ ಪರಿಶೀಲಿಸಿದ್ದೇನೆ. ಇರಬಹುದು ಎಂಬುದಕ್ಕೆ ನನ್ನಲ್ಲಿ ಬಲವಾದ ವಾದಗಳಿದ್ದವು. ಇರಬಾರದು ಎಂಬುದಕ್ಕೆ ಎದುರು ಮನೆಯ ಸಂಗಪ್ಪನವರಿದ್ದರು.

ಮೊದಲು ಹಿನ್ನೆಲೆಯನ್ನು ನಿವೇದಿಸುತ್ತೇನೆ. ಹಳೆಯ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ನಮ್ಮ ಓಣಿಯ ಜನ ಬಾಗಿಲು, ಕಿಟಕಿ, ತೊಲೆಗಳನ್ನು ಕಿತ್ತುಕೊಂಡು ನವನಗರಕ್ಕೆ ಬಂದರು. ಅವುಗಳ ಜೊತೆಗೆ ಭೋಂಗಾದ ಮೇಲಿನ ಪ್ರೀತಿಯನ್ನೂ ಬೇರುಸಹಿತ ತಂದು ನೆಟ್ಟರು. ತುತ್ತೂರಿಯಂತೆ ಬಾಯಿ ಅಗಲಿಸಿದ ಧ್ವನಿವರ್ಧಕಕ್ಕೆ ನಮ್ಮಲ್ಲಿ ಭೋಂಗಾ ಎನ್ನುತ್ತಾರೆ. ತೊಟ್ಟಿಲಿಗೊಂದು ಭೋಂಗಾ, ಬಸುರಿಯ ಕುಬಸಕ್ಕೊಂದು ಭೋಂಗಾ, ಹೊಸ ಟ್ರ್ಯಾಕ್ಟರಿನ ಪೂಜೆಗೂ ಒಂದು ಭೋಂಗಾ. ರಾಜ್ಯಶಾಸ್ತ್ರ ಕಲಿಸುವ ನಾನು ಇದನ್ನು ಪ್ರಜಾಪ್ರಭುತ್ವದ ಸಮಸ್ಯೆಯೆಂದೇ ಪರಿಗಣಿಸಿದೆ. ಎಲ್ಲರ ಕಿವಿಗಳ ಮೇಲೆ ಒಬ್ಬನ ಹಕ್ಕು ಹೇಗೆ ಸಾಧ್ಯ? ಹೀಗೆ ‘ಸದ್ದಿಲ್ಲದ ಓಣಿ’ ಎಂಬ ಚಳವಳಿ ಹುಟ್ಟಿತು. ಅದರ ಅಧ್ಯಕ್ಷ, ಕಾರ್ಯದರ್ಶಿ ಮತ್ತು ಅಪಾರ ಜನಸ್ತೋಮ, ಎಲ್ಲವೂ ನಾನೇ. ಹೆಂಡತಿ ಗಿರಿಜಾ ತಟಸ್ಥಳು. ನನ್ನ ಅವ್ವ ನೀಲವ್ವ ಬಹಿರಂಗ ವಿರೋಧಿ.

“ಭೋಂಗಾ ಇಲ್ಲದ ಮದುವಿ ಅಂದ್ರ ಉಪ್ಪಿಲ್ಲದ ಶೇಂಗಾ ಹಿಂಡಿ ಇದ್ದಂಗ,” ಎಂದು ಆಕೆ ಕಟ್ಟೆಯ ಮೇಲೆ ಕುಳಿತು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಆಕೆಗೆ ಧ್ವನಿವರ್ಧಕದ ಅಗತ್ಯವಿರಲಿಲ್ಲ.

ಚಳವಳಿಗೆ ಮೊದಲ ಜಯ ತಂದುಕೊಟ್ಟವಳು ಸಂಗಪ್ಪನವರ ಕಿರಿಯ ಮಗಳು ಸಾವಿತ್ರಿ. ಚರ್ಚಾಕೂಟದಲ್ಲಿ ನನ್ನ ಶಿಷ್ಯೆ, ಈಗ ಶಾಲಾ ಶಿಕ್ಷಕಿ. ಅವಳ ಅಕ್ಕನ ಮದುವೆಯಲ್ಲಿ ವಧೂವರರು ಪರಸ್ಪರ ಪ್ರತಿಜ್ಞೆ ಹೇಳುವ ಹೊತ್ತಿಗೆ ಮಾಳಿಗೆಯ ಮೇಲಿನ ಭೋಂಗಾ ಸಿನಿಮಾ ಹಾಡು ಹೊಯ್ದುಕೊಳ್ಳುತ್ತಿತ್ತು. ಅಕ್ಕ ಏನು ಮಾತು ಕೊಟ್ಟಳು, ಭಾವ ಏನು ಮಾತು ಕೊಟ್ಟ, ಇಂದಿಗೂ ಯಾರಿಗೂ ಗೊತ್ತಿಲ್ಲ. ಅವರಿಬ್ಬರ ಜಗಳಗಳಲ್ಲಿ ಇದೇ ಮುಖ್ಯ ವಿವಾದಾಂಶ.

“ನನ್ನ ಮದುವಿಯಾಗ ನಾನು ಆಡಿದ ಮಾತು ಕಡೀ ಸಾಲಿನಾಗ ಕುಂತವರಿಗೆ ಕೇಳಸಬೇಕು ಸರ. ಅಷ್ಟ ಬೇಕು ನನಗ,” ಎಂದಳು ಸಾವಿತ್ರಿ.

ಸಂಗಪ್ಪನವರು ದಲಾಲಿ ಅಂಗಡಿಯ ಯಜಮಾನರು. ಬಾಯಿಮಾತಿನ ಮೇಲೆಯೇ ವ್ಯಾಪಾರ ಮಾಡಿ ಬೆಳೆದವರು. ಅವರನ್ನು ಒಪ್ಪಿಸಲು ನಾನು ಮಾಡಿದ ಭಾಷಣಗಳನ್ನೆಲ್ಲ ಅವರು ಎಲೆ ಅಡಿಕೆ ಜಗಿಯುತ್ತ ಕೇಳಿ, ಕೊನೆಗೊಂದು ದಿನ ನನ್ನ ಕೈಮೇಲೆ ಕೈಯಿಟ್ಟರು.

“ಆತ್ರಿ ಸರ. ಮಗಳು ಹಟ ಹಿಡದಾಳ, ನೀವು ಬೆನ್ನು ಹತ್ತೀರಿ. ನನ್ನ ಮಾಳಗಿ ಮ್ಯಾಲೆ ಭೋಂಗಾ ಏರೂದಿಲ್ಲ. ಆದ್ರ ಬೀಗರ ಮುಂದ ನಾ ಒಬ್ಬನ ಯಾಕ ಬಡವ ಕಾಣಬೇಕು? ಮದುವಿ ಮುಗಿಯೂತನಾ ನಿಮ್ಮ ಮನಿಯಾಗೇನರ ಭೋಂಗಾ ಕಂಡಿತಂದ್ರ, ನನ್ನ ಮನಿ ಮ್ಯಾಲೆ ನಾಕು ಏರ್ತಾವ ನೋಡ್ರಿ.”

ನಾನು ನಕ್ಕುಬಿಟ್ಟೆ. ಸೂರ್ಯ ಪಶ್ಚಿಮದಲ್ಲಿ ಹುಟ್ಟಿದರೂ ನನ್ನ ಮನೆಗೆ ಭೋಂಗಾ ಬರುವುದು ಸಾಧ್ಯವಿಲ್ಲವೆಂದು ಘೋಷಿಸಿದೆ. ಓಣಿಯ ಉಳಿದ ಮನೆಯವರು ಸಂಗಪ್ಪನವರ ಮನೆಯತ್ತ ಕಣ್ಣಿಟ್ಟು ಕುಳಿತರು. ಇಲ್ಲಿ ಗೆದ್ದರೆ ಓಣಿಯೇ ಗೆದ್ದಂತೆ. ಇಲ್ಲಿ ಸೋತರೆ ನನ್ನ ಮಾತನ್ನು ಮುಂದೆ ನಾಯಿಯೂ ಕೇಳುವುದಿಲ್ಲ.

ಈ ಹಂತದಲ್ಲಿ ನಾನು ಇಳಕಲ್ಲಿಗೆ ಹೋಗಬಾರದಿತ್ತು.

ಹೋದದ್ದು ಸಾವಿತ್ರಿಗೆ ಉಡುಗೊರೆಯ ಸೀರೆ ತರಲು. ಮಹಾಂತೇಶ ಎಂಬ ಸಜ್ಜನನ ಅಂಗಡಿ. ಗಿರಿಜಾ ಟೋಪತೆನಿ ಸೆರಗುಗಳನ್ನು ಬಿಡಿಸಿ, ಮಡಚಿ, ಮತ್ತೆ ಬಿಡಿಸಿ ನೋಡುತ್ತಿರುವಾಗ ನಾನು ಗೋಡೆಯ ಕಡೆ ನೋಡಿದೆ. ಅಲ್ಲಿ ಸೀರೆಗಳನ್ನು ಒಟ್ಟಿದ್ದ ಕಪಾಟು ಕಪಾಟಾಗಿರಲಿಲ್ಲ. ಗೋಡಂಬಿಯಂತೆ ಒಳಕ್ಕೆ ಬಾಗಿದ ಕಟ್ಟಿಗೆಯ ದೊಡ್ಡ ಬಾಯಿ. ಅದರ ನೆತ್ತಿಯ ಮೇಲೆ ಜೇನುಹುಟ್ಟಿನಂತೆ ಮನೆಮನೆಯಾಗಿ ಒಡೆದ ಕಬ್ಬಿಣದ ತುತ್ತೂರಿ.

“ಅಪ್ಪನ ಟಾಕೀಜಿನ್ದು ರಿ ಸರ,” ಎಂದ ಮಹಾಂತೇಶ. “ಪಡದೆ ಹಿಂದ ನಿಂದರತಿತ್ತು. ಟಾಕೀಜು ಹೋತು, ಅಪ್ಪನೂ ಹ್ವಾದ. ಇದೊಂದ ಉಳದೈತಿ. ಸೀರಿ ಇಡಾಕ ಚಲೋ ಆಗೇತಿ.”

ಸೀರೆಗಳನ್ನು ತೆಗೆಸಿ, ತಂತಿ ಜೋಡಿಸಿ, ಒಂದು ಹಾಡು ಹಾಕಿಸಿದೆ. ಅಷ್ಟೆ. ನನ್ನ ತಂದೆ ಬಿಟ್ಟುಹೋದ ಗಾಯನದ ರೆಕಾರ್ಡುಗಳು ಮನೆಯಲ್ಲಿವೆ. ಅವುಗಳನ್ನು ನಾನು ಈವರೆಗೆ ಕೇಳುತ್ತಿದ್ದ ಪುಟ್ಟ ಪೆಟ್ಟಿಗೆಯಲ್ಲಿ ಗಾಯಕರೆಲ್ಲರೂ ಕೌದಿ ಹೊದ್ದು ಹಾಡುತ್ತಿದ್ದರು. ಇಲ್ಲಿ ಗಾಯಕ ಕೌದಿ ಒದ್ದು ಎದ್ದು ಬಂದು ನನ್ನೆದುರು ನಿಂತ. ಅದೂ ಪಿಸುಮಾತಿನಷ್ಟು ಸಣ್ಣ ದನಿಯಲ್ಲಿ. ತುತ್ತೂರಿಯ ಗುಣವೇ ಅದು. ಒಳಗೆ ಒಂದು ಉಸಿರು ಕೊಟ್ಟರೆ ಹೊರಗೆ ಇಡೀ ಮನುಷ್ಯನನ್ನು ಕೊಡುತ್ತದೆ.

ಬಸ್ಸಿನಲ್ಲಿ ಹುನಗುಂದ ದಾಟುವ ಹೊತ್ತಿಗೆ ನನ್ನ ಸಿದ್ಧಾಂತ ಸಿದ್ಧವಾಗಿತ್ತು. “ನೋಡು ಗಿರಿಜಾ, ಬೀದಿಗೆ ಬಾಯಿ ಮಾಡಿದರೆ ಅದು ಧ್ವನಿವರ್ಧಕ. ಕೋಣೆಗೆ ಬಾಯಿ ಮಾಡಿದರೆ ಅದು ವಾದ್ಯ. ಜೋಳದ ಚೀಲ ಇಡುವ ಕೋಣೆಯನ್ನು ನಾವು ಸಂಗೀತ ಆಲಿಸುವ ಕೋಣೆಯಾಗಿ ಪರಿವರ್ತಿಸಬಹುದು.”

“ಇದನ್ನ ಸಂಗಪ್ಪಣ್ಣಗ ಹೇಳ್ರಿ,” ಎಂದಳು ಗಿರಿಜಾ ಕಿಟಕಿಯಾಚೆ ನೋಡುತ್ತ.

“ಮದುವೆ ಮುಗಿಯಲಿ.”

“ಮತ್ತ ಜೋಳ ಎಲ್ಲಿ ಇಡೂನ್ರಿ? ನಿಮ್ಮ ಭೋಂಗಾದ ಬಾಯಾಗ?”

ವಿವೇಕಿಯಾದವನು ಅಲ್ಲಿಗೇ ನಿಲ್ಲಿಸುತ್ತಿದ್ದ. ಆದರೆ ಪ್ರತಿಪಕ್ಷದ ವಾದ ಆಲಿಸದೆ ತೀರ್ಪು ಕೊಡುವುದು ನನ್ನ ಜಾಯಮಾನವಲ್ಲ. ಇಂಥದೇ ಇನ್ನೊಂದು ಎಲ್ಲಿದೆಯೆಂದು ವಿಚಾರಿಸಿದೆ. ಬಾದಾಮಿ ಸ್ಟೇಷನ್ ರಸ್ತೆಯಲ್ಲಿ ಹಳೆಯ ಮೈಕ್‌ಸೆಟ್ಟುಗಳ ಅಂಗಡಿಯ ರಾಜೇಸಾಬರ ಬಳಿ, ಮುಚ್ಚಿಹೋದ ನಾಟಕ ಕಂಪನಿಯೊಂದರ ಭೋಂಗಾ ಇತ್ತು. ಅದು ನಿಂತದ್ದಲ್ಲ, ಮಲಗಿದ್ದು. ಆನೆಯ ಸೊಂಡಿಲಿನಂತೆ ಮಡಚಿಕೊಂಡ ಉದ್ದ ಕೊಳವೆ, ಕೊನೆಯಲ್ಲಿ ಕಡಾಯಿಯಷ್ಟು ಬಾಯಿ. ಬಾಯಿಯೊಳಗೆ ಒಂದು ಕೋಳಿ.

“ಕಾವಿಗೆ ಕುಂತೈತ್ರಿ ಸರ,” ಎಂದರು ರಾಜೇಸಾಬರು ಸಂಕೋಚದಿಂದ. “ಎಬ್ಬಸಾಕ ಬರೂದಿಲ್ಲ. ಹಂಗ ಕೇಳ್ರಿ.”

ಕೋಳಿಯನ್ನು ಕದಲಿಸದೆ ಹಾಡು ಹಾಕಿದರು. ಕೋಳಿ ಕದಲಲಿಲ್ಲ, ನಾನು ಕದಲಿಹೋದೆ. ಇಳಕಲ್ಲಿನದು ಗಾಯಕನನ್ನು ಎದುರು ನಿಲ್ಲಿಸಿದ್ದರೆ, ಬಾದಾಮಿಯದು ಅವನನ್ನು ನನ್ನ ಪಕ್ಕಕ್ಕೆ ಕೂರಿಸಿತು. ತಂಬೂರಿಯ ತಂತಿಗಳು ಜೇನಿನಂತೆ ಇಳಿದವು. ಇಳಕಲ್ಲಿನದಕ್ಕೆ ಸ್ಪಷ್ಟತೆ, ಬಾದಾಮಿಯದಕ್ಕೆ ಮಾಧುರ್ಯ. ಅದಕ್ಕೆ ಗಾಂಭೀರ್ಯ, ಇದಕ್ಕೆ ಸ್ನೇಹ. ಎರಡನ್ನೂ ಒಂದೇ ಕೋಣೆಯಲ್ಲಿ ಕೇಳದೆ ನಿರ್ಣಯ ಅಸಾಧ್ಯ. “ಮದುವೆ ಮುಗಿದ ಮೇಲೆ ಪರೀಕ್ಷೆಗೆ ತರಿಸುತ್ತೇನೆ,” ಎಂದೆ.

“ಅದೇನ್ರಿ ಸರ, ಕೋಳಿ ಎದ್ದ ಮ್ಯಾಲೆ ನಾನ ತರ್ತೇನಿ,” ಎಂದರು ರಾಜೇಸಾಬರು.

ಒಳ್ಳೆಯದು ಎಂದೆ. ಕೋಳಿಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಮದುವೆಗೆ ಇನ್ನು ಕೆಲವೇ ದಿನ ಉಳಿದಿರುವಾಗ ಮಹಾಂತೇಶನ ಫೋನು ಬಂತು. ಅಂಗಡಿ ನವೀಕರಣ ಶುರುವಾಗಿದೆ, ಭೋಂಗಾ ಹೊರಗೆ ಬಿದ್ದಿದೆ, ಗುಜರಿಯವನು ಬಂದು ಅಳತೆ ನೋಡಿ ಹೋಗಿದ್ದಾನೆ. “ಶನಿವಾರ ನೀವು ಒಯ್ಯಲಿಲ್ಲಂದ್ರ ಅವ ಒಯ್ತಾನ್ರಿ ಸರ. ಒಡದು ಕಬ್ಬಿಣಾ ಬ್ಯಾರೆ, ಕಟಗಿ ಬ್ಯಾರೆ ಮಾಡ್ತಾನಂತ.”

ನನ್ನ ಎದೆ ಒಡೆಯಿತು. ಒಂದು ಕಡೆ ಚಳವಳಿ, ಇನ್ನೊಂದು ಕಡೆ ಸಂಸ್ಕೃತಿ. ಬಹಳ ಹೊತ್ತು ಯೋಚಿಸಿ ಮೂರನೆಯ ಮಾರ್ಗ ಕಂಡುಹಿಡಿದೆ. ದೀಪ ಹಚ್ಚುವ ಹೊತ್ತಿಗೆ, ಸಂಗಪ್ಪನವರು ಮದುವೆಯ ಹಂದರದ ಕೆಲಸದಲ್ಲಿ ಮುಳುಗಿರುವಾಗ, ಯಾರಿಗೂ ಗುರುತು ಸಿಗದಂತೆ ಪೂರ್ತಿ ಮುಚ್ಚಿ ತಂದು ಜೋಳದ ಕೋಣೆಗೆ ಸೇರಿಸುವುದು.

“ಪೂರ್ತಿ ಮುಚ್ಚಿ ತಾ ಮಹಾಂತೇಶ. ಒಂದು ತುದಿಯೂ ಕಾಣಕೂಡದು.”

“ಚಿಂತಿ ಬಿಡ್ರಿ ಸರ. ಅರಿವಿ ಅಂಗಡಿಯವಗ ಅರಿವಿ ಕೊರತೇನ್ರಿ?”

ಅವ್ವ ಮನೆಯಲ್ಲಿರಲಿಲ್ಲವೆಂಬುದು ನನಗೆ ದೈವಾನುಗ್ರಹದಂತೆ ಕಂಡಿತು. ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳಲು ಹುನಗುಂದದ ತಂಗಿಯ ಮನೆಗೆ ಹೋಗಿದ್ದಳು. ಕಟ್ಟೆ ಖಾಲಿ ಕಂಡು ಓಣಿಯವರು ಕೇಳಿದಾಗಲೆಲ್ಲ ಗಿರಿಜಾ, “ಅತ್ತಿಗೆ ಭಾಳ ತ್ರಾಸ ಆಗಿತ್ತು, ಹುನಗುಂದಕ್ಕ ಕಳಿಸೇವಿ,” ಎನ್ನುತ್ತಿದ್ದಳು. ಅದು ಸತ್ಯವೇ ಆಗಿತ್ತು. ಸತ್ಯದಿಂದ ಇಷ್ಟು ಹಾನಿ ಸಾಧ್ಯವೆಂದು ನನಗೆ ತಿಳಿದಿರಲಿಲ್ಲ.

ಶನಿವಾರ ಸಂಜೆ ವಾಹನ ಹುನಗುಂದದ ಕಡೆಯಿಂದ ಓಣಿಗೆ ತಿರುಗಿತು.

ಅದನ್ನು ಕಂಡ ಕೂಡಲೇ ನಾನು ಅಂಗಳಕ್ಕೆ ಓಡಿದೆ. ಮಹಾಂತೇಶ ಮುಚ್ಚಿದ್ದ, ನಿಜ. ತಲೆಯಿಂದ ಕಾಲಿನವರೆಗೆ ಶುಭ್ರ ಬಿಳಿಯ ದೋತ್ರಗಳಿಂದ ಮುಚ್ಚಿದ್ದ. ತಂದೆಯ ಕಾಲದ ವಸ್ತು ಮನೆ ಬಿಟ್ಟು ಹೊರಡುವಾಗ ಪೂಜೆ ಮಾಡದೆ ಕಳಿಸುವುದು ಹೇಗೆ ಎಂದು ವಿಭೂತಿ ಹಚ್ಚಿ, ಚೆಂಡು ಹೂವಿನ ಹಾರ ಹಾಕಿ, ತಲೆಯ ಕಡೆ ಊದಿನಕಡ್ಡಿ ಸಿಕ್ಕಿಸಿದ್ದ. ತಂದೆಯ ನೆನಪು ಒತ್ತರಿಸಿ ಬಂದು, ಅದರ ಪಕ್ಕದಲ್ಲಿ ಕುಳಿತು ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ವಾಹನದ ಚಾಲಕ, ಇಂಥ ಹೊರೆಯಿದ್ದಾಗ ವೇಗ ಸಲ್ಲದೆಂದು, ಮೆಲ್ಲಗೆ ನಡೆಸುತ್ತಿದ್ದ.

“ಲಗೂ ಲಗೂ ಒಳಗೆ,” ಎಂದೆ ಪಿಸುದನಿಯಲ್ಲಿ. ಜೊತೆಗೆ ಬಂದಿದ್ದ ನಾಲ್ವರು ಹೆಗಲು ಕೊಟ್ಟರು. ಬಾಗಿಲವರೆಗೆ ಎಲ್ಲವೂ ಯೋಜನೆಯಂತೆ ನಡೆಯಿತು. ಬಾಗಿಲಿನಲ್ಲಿ ಭೋಂಗಾ ಸಿಕ್ಕಿಕೊಂಡಿತು. ಅರ್ಧ ಒಳಗೆ, ಅರ್ಧ ಹೊರಗೆ. ಗಾಂಭೀರ್ಯ, ಸ್ಪಷ್ಟತೆ ಎಲ್ಲವನ್ನೂ ಅಳೆದಿದ್ದ ನಾನು ಬಾಗಿಲನ್ನು ಅಳೆದಿರಲಿಲ್ಲ. ಗಿರಿಜಾ ಒಳಗಡೆ ಉಳಿದಳು. ನಾನು ಹೊರಗಡೆ ಉಳಿದೆ.

ತಿರುಗಿ ನೋಡಿದರೆ ಓಣಿಯ ಜನ ನಿಂತಿದ್ದರು. ಚಪ್ಪಲಿ ಬಿಟ್ಟು, ಕೈ ಕಟ್ಟಿ, ಒಬ್ಬರೂ ಮಾತಾಡದೆ. ಎದುರು ಮನೆಯಲ್ಲಿ ಹಂದರದ ಗೂಟ ಬಡಿಯುವ ಸದ್ದು ನಿಂತಿತ್ತು. ಯಾರೋ ಟಿವಿ ಆರಿಸಿದರು. ನಮ್ಮ ಓಣಿ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ನನ್ನ ಚಳವಳಿಯ ಧ್ಯೇಯ ಆ ಕ್ಷಣದಲ್ಲಿ ಸಂಪೂರ್ಣವಾಗಿ ಈಡೇರಿತ್ತು.

ಸಂಗಪ್ಪನವರು ಗುಂಪನ್ನು ಸೀಳಿಕೊಂಡು ಬಂದು ನನ್ನ ಎರಡೂ ಕೈ ಹಿಡಿದರು. “ಯಾವಾಗ ಆತ್ರಿ ಸರ?”

ಸಿಕ್ಕಿಬಿದ್ದೆ ಎಂದುಕೊಂಡೆ. ತಲೆ ತಗ್ಗಿಸಿ, “ಈಗಷ್ಟ ಬಂತ್ರಿ,” ಎಂದೆ.

“ನನಗೊಂದು ಮಾತು ಹೇಳಬೇಕನಸಲಿಲ್ಲೇನ್ರಿ?”

“ಮದುವಿ ಮನಿ ಐತಿ. ನಿಮಗ್ಯಾಕ ತ್ರಾಸಂತ, ಸುಮ್ಮನ ಒಳಗ ಇಟ್ಟುಬಿಡೂನಂದೆ.”

ಸಂಗಪ್ಪನವರ ಕಣ್ಣು ತುಂಬಿದವು. ಅವರು ಗುಂಪಿನತ್ತ ತಿರುಗಿದರು. “ಕೇಳಿದ್ರೆಲ್ಲೋ? ನನ್ನ ಮಗಳ ಮದುವಿ ಕೆಡಬಾರದಂತ ಹಡದವ್ವ ಹೋದದ್ದನ್ನ ಮುಚ್ಚಿಡಾಕ ಹೊಂಟಿದ್ರು ನಮ್ಮ ಸರ. ಇಂಥಾ ಮನಶ್ಯಾನ್ನ ನಾ ಎಷ್ಟು ಕಾಡಿದೆ. ಹಂದರ ನಿಲ್ಲಸ್ರಿ. ಬೀಗರಿಗೆ ಫೋನು ಹಚ್ರಿ, ಮದುವಿ ಮುಂದ ಹಾಕೂನು. ದೊಡ್ಡವ್ವನ ಮಣ್ಣು ಮದ್ಲ.”

ನನಗೆ ಆಗ ತಿಳಿಯಿತು, ನನ್ನ ಬಾಗಿಲಿನಲ್ಲಿ ಸಿಕ್ಕಿಕೊಂಡಿರುವುದು ಓಣಿಯ ಕಣ್ಣಿಗೆ ಏನೆಂದು.

ಓದುಗರು ನನ್ನ ಪರಿಸ್ಥಿತಿಯನ್ನು ದಯವಿಟ್ಟು ಪರಿಶೀಲಿಸಬೇಕು. ಇದು ಅವ್ವನಲ್ಲ, ಭೋಂಗಾ ಎಂದರೆ ಮದುವೆ ನಡೆಯುತ್ತದೆ, ಆದರೆ ನಾಲ್ಕು ಭೋಂಗಾಗಳೊಂದಿಗೆ. ಸಾವಿತ್ರಿಯ ಪ್ರತಿಜ್ಞೆ ಯಾರಿಗೂ ಕೇಳಿಸುವುದಿಲ್ಲ, ಚಳವಳಿ ಸತ್ತಿತು. ಸುಮ್ಮನಿದ್ದರೆ ಮದುವೆಯೇ ನಿಂತಿತು, ಮತ್ತು ಅವ್ವ ಸತ್ತಳು. ಚಳವಳಿಯೋ, ಅವ್ವನೋ? ಇಂಥ ವಿಷಯವನ್ನು ಯಾವ ಚರ್ಚಾಸ್ಪರ್ಧೆಯಲ್ಲೂ ನನಗೆ ಕೊಟ್ಟಿರಲಿಲ್ಲ. ನಾನು ಮಧ್ಯಮ ಮಾರ್ಗ ಹಿಡಿದೆ.

“ಅವ್ವಗ ಏನೂ ಆಗಿಲ್ರಿ ಸಂಗಪ್ಪನವರೇ. ಹುನಗುಂದದಾಗ ಆರಾಮ ಅದಾಳ.”

“ಹಂಗ ಅನಬ್ಯಾಡ್ರಿ ಸರ,” ಎಂದು ಅವರು ನನ್ನ ಬೆನ್ನು ಸವರಿದರು. “ಎಲ್ಲಾರಿಗೂ ಮದ್ಲ ಹಂಗ ಅನಸತೈತಿ. ಗಟ್ಟಿ ಆಗ್ರಿ.”

“ಖರೇನ ಹೇಳಾಕತ್ತೇನಿ. ನಿನ್ನೆ ಫೋನಿನ್ಯಾಗ ಮಾತಾಡ್ಯಾಳ.”

“ನೀರು ತರ್ರೋ ಸರಗ,” ಎಂದಿತು ಗುಂಪು.

ಒಳಗಿನಿಂದ ಗಿರಿಜಾ, ಕಿಟಕಿಯ ಸರಳು ಹಿಡಿದು, “ನಾ ಹೇಳಿದ್ದೆನೋ ಇಲ್ಲೋ? ಈಗ ಅನುಭೋಗಸ್ರಿ,” ಎಂದಳು. ಓಣಿಯ ಹೆಂಗಸರು ಸೊಸೆಯ ದುಃಖ ನೋಡಲಾರದೆ ಸೆರಗು ಬಾಯಿಗೊತ್ತಿಕೊಂಡರು.

ಅಷ್ಟರಲ್ಲಿ ಸಂಗಪ್ಪನವರು ಭಜನೆಯವರಿಗೆ ಹೇಳಿಕಳಿಸಿದರು. ಕೊಟ್ಟ ಮಾತು ನೆನಪಾಗಿ ನನ್ನ ಕಿವಿಯಲ್ಲಿ ಹೇಳಿದರು: “ಮೈಕ್‌ಸೆಟ್ಟು ತಗೊಂಡ ಬಾ ಅಂದೇನ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ. ದೊಡ್ಡವ್ವಗ ಭೋಂಗಾ ಅಂದ್ರ ಜೀವ. ಇವತ್ತೊಂದಿನ ನಿಮ್ಮ ಚಳವಳಿ ಸೈಡಿಗಿರಲಿ.”

ಆಗ ಮೂಲೆಮನೆಯ ಗಂಗವ್ವಜ್ಜಿ ಕೋಲೂರಿಕೊಂಡು ಮುಂದೆ ಬಂದಳು. ಓಣಿಯ ಸಾವುಗಳಿಗೆಲ್ಲ ಶಾಸ್ತ್ರ ಹೇಳುವವಳು ಆಕೆ. ಬಿಳಿ ದೋತ್ರದ ರಾಶಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಮ್ಮವರಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸುತ್ತೇವೆ, ಕೂರಿಸಿಯೇ ಮಣ್ಣು ಕೊಡುತ್ತೇವೆ.

“ಏನೋ ತಮ್ಮಾ, ಹಡದಾಕಿನ್ನ ಹೊಸ್ತಿಲದಾಗ ಅಡ್ಡ ಕೆಡವೀಯಲ್ಲೋ. ಕುಂದರಸಿಲ್ಲ ಯಾಕ? ಇದೂ ನಿನ್ನ ಸುಧಾರಣಿ ಏನು?”

ಗುಂಪಿನಲ್ಲಿ ಗುಜುಗುಜು ಎದ್ದಿತು. ಭೋಂಗಾ ಬಿಡಿಸಿದ, ಸರಿ. ಸತ್ತವರನ್ನು ಕೂರಿಸುವುದನ್ನೂ ಬಿಡಿಸುತ್ತಾನೇನು? ನನ್ನ ಸುಧಾರಣಾ ಜೀವನದ ಮೇಲೆ ಅಂಥ ಆರೋಪ ಎಂದೂ ಬಂದಿರಲಿಲ್ಲ.

“ಅಜ್ಜೀ, ಇದನ್ನು ಕೂರಿಸಲು ಬರುವುದಿಲ್ಲ,” ಎಂದೆ. ಗಾಬರಿಯಲ್ಲಿ ನನಗೆ ಪುಸ್ತಕದ ಭಾಷೆ ಬರುತ್ತದೆ.

“ಬರೂದಿಲ್ಲಂದ್ರ? ಸೆಟದಾಳೇನು? ಹಿಡೀರಿ ಎಲ್ಲಾರೂ.”

ತಡೆಯುವಷ್ಟರಲ್ಲಿ ಸಂಗಪ್ಪನವರೂ ಇನ್ನು ಕೆಲವರೂ ಕೈಹಾಕಿ, ಹಿಂದಕ್ಕೆಳೆದು, ಅಂಗಳದಲ್ಲಿ ಎತ್ತಿ ನಿಲ್ಲಿಸತೊಡಗಿದರು. ಗುಂಪಿನಲ್ಲಿ ಒಬ್ಬ ಏದುಸಿರು ಬಿಡುತ್ತ, “ದೊಡ್ಡವ್ವ ಇಷ್ಟು ಭಾರ ಇದ್ಲೇನಲೇ?” ಎಂದ. “ಸುಮ್ಮನಿರಲೇ, ಹೋದ ಮ್ಯಾಲೆ ಭಾರ ಆಗ್ತಾರ,” ಎಂದ ಇನ್ನೊಬ್ಬ. ಮಹಾಂತೇಶ ಅಳುತ್ತಲೇ ಓಡಿಬಂದು, “ಸಾವಕಾಶ ರಿ, ತಲಿ ಕಳಚತೈತಿ,” ಎಂದು ಕೂಗಿದ. ಎತ್ತುತ್ತಿದ್ದವರ ಮುಖ ಬಿಳಿಚಿಕೊಂಡಿತು.

ಸರಿಯಾಗಿ ಆ ಸಮಯಕ್ಕೆ ಓಣಿಯ ಬಾಯಲ್ಲಿ ಒಂದು ಆಟೋ ನಿಂತಿತು. ಸಾವಿತ್ರಿಗೆ ಅರಿಶಿಣ ಹಚ್ಚುವುದು ತಪ್ಪಬಾರದೆಂದು ಹೇಳದೆ ಕೇಳದೆ ಹೊರಟು ಬಂದಿದ್ದ ಅವ್ವ ಇಳಿದಳು. ತನ್ನ ಮನೆಯ ಮುಂದೆ ಜನ, ಅಂಗಳದಲ್ಲಿ ಬಿಳಿಯ ಬಟ್ಟೆ, ಊದಿನಕಡ್ಡಿಯ ಹೊಗೆ. ಜನರ ನಡುವೆ ನಾನು ಕಾಣಲಿಲ್ಲ. ಆಕೆ ಇನ್ನೇನು ತಿಳಿದುಕೊಳ್ಳಬೇಕು? ಗಂಟನ್ನು ಅಲ್ಲೇ ಬಿಟ್ಟು, ಎದೆ ಬಡಿದುಕೊಳ್ಳುತ್ತ, ನಮ್ಮ ಕಡೆಯ ಹೆಂಗಸರು ಹಾಡಿಕೊಂಡು ಅಳುವ ರೀತಿಯಲ್ಲಿ ಅಳುತ್ತ ಬಂದಳು.

“ಅಯ್ಯ ನನ್ನ ಮಗನ, ಭಾಷಣಾ ಮಾಡಿ ಮಾಡಿ ದಣದಿದ್ಯೋ ಯಪ್ಪಾ... ಯಾರೂ ಕೇಳಲಿಲ್ಲಲ್ಲೋ ನಿನ್ನ ಮಾತಾ... ಓಣಿ ಸುಮ್ಮನಿರಸಾಕ ಹೋಗಿ ನೀನ ಸುಮ್ಮನಾದ್ಯಲ್ಲೋ ನನ ಕಂದಾ...”

ಎಲ್ಲರೂ ತಿರುಗಿ ನೋಡಿದರು. ಎತ್ತಿ ಹಿಡಿದಿದ್ದವರೂ ನೋಡಿದರು. ಸತ್ತವಳು ಅಳುತ್ತ ಬರುವುದನ್ನು ಕಂಡು ಅವರ ಕೈಗಳು ತಾವಾಗಿಯೇ ಬಿಟ್ಟವು. ಭೋಂಗಾ ತನ್ನ ತೂಕದ ಮೇಲೆಯೇ ನೆಟ್ಟಗೆ ನಿಂತಿತು. ದೋತ್ರಗಳು ಒಂದೊಂದಾಗಿ ಜಾರಿದವು. ಹಾರ ಹಾಕಿಕೊಂಡು, ವಿಭೂತಿ ಬಳಿದುಕೊಂಡು, ಆಳೆತ್ತರದ ಭೋಂಗಾ ಸಂಗಪ್ಪನವರ ಮನೆಯ ಕಡೆಗೇ ಬಾಯಿ ತೆರೆದು ನಿಂತಿತ್ತು.

ಅವ್ವ ನನ್ನನ್ನು ನೋಡಿದಳು, ಭೋಂಗಾವನ್ನು ನೋಡಿದಳು, ಅಳು ನಿಲ್ಲಿಸಿದಳು. “ಇದಕ್ಕ ಯಾಕ ಅಳಾಕತ್ತೇನಿ ನಾ?”

ಗಂಗವ್ವಜ್ಜಿ ಮಾತ್ರ ಸಮಾಧಾನದಿಂದ, “ಹಾಂ, ಈಗ ಸರಿಯಾಗಿ ಕುಂತಿತು,” ಎಂದಳು. ಆಕೆಗೆ ದೃಷ್ಟಿ ಮಂದ.

ಸಂಗಪ್ಪನವರು ನನ್ನತ್ತ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. “ಸರ,” ಎಂದರು ಮೆಲ್ಲಗೆ, “ಇದು ಭೋಂಗಾ.”

“ಇದಕ್ಕೆ ತಾತ್ತ್ವಿಕವಾದ ಹಿನ್ನೆಲೆ ಇದೆ,” ಎಂದು ನಾನು ಆರಂಭಿಸಿದೆ. “ಬೀದಿಗೆ ಬಾಯಿ ಮಾಡಿದ್ದು ಧ್ವನಿವರ್ಧಕ, ಕೋಣೆಗೆ ಬಾಯಿ ಮಾಡಿದ್ದು ವಾದ್ಯ. ಪಿಸುಮಾತಿನಷ್ಟು ಸಣ್ಣ ದನಿಯಲ್ಲಿಯೂ ಇದು ಸ್ಪಷ್ಟವಾಗಿ...”

ಅಷ್ಟರಲ್ಲಿ ಇನ್ನೊಂದು ವಾಹನ ಬಂದು ನಿಂತಿತು. ಅದರ ಮೇಲೆ, ಯಾವ ಮುಚ್ಚುಮರೆಯೂ ಇಲ್ಲದೆ, ಆನೆಯ ಸೊಂಡಿಲು ಮತ್ತು ಕಡಾಯಿಯ ಬಾಯಿ. ರಾಜೇಸಾಬರು ಕೆಳಗಿಳಿದು ಹರ್ಷದಿಂದ ಹೇಳಿದರು: “ಮರಿ ಹೊರಗ ಬಂದ್ವು ಸರ. ಕೋಳಿ ಎದ್ದಿತು, ತಂದೆ. ಎಲ್ಲಿ ಇಳಸೂನ್ರಿ?”

ನಾನು ತತ್ತ್ವವನ್ನು ಅಲ್ಲಿಗೇ ಮಡಚಿಟ್ಟೆ. ವಾದಕ್ಕೆ ಕೊನೆ ಇರಬೇಕು.

ಸಂಗಪ್ಪನವರು ಅಲ್ಲಿಯೇ ನಾಲ್ಕು ಭೋಂಗಾಗಳಿಗೆ ಫೋನು ಮಾಡುವವರಿದ್ದರು. ತಡೆದವಳು ಸಾವಿತ್ರಿ. ಮನೆಯಿಂದ ಓಡಿಬಂದು ಎರಡು ಭೋಂಗಾಗಳ ನಡುವೆ ನಿಂತಳು. ನಾನು ಕಲಿಸಿದ ಶೈಲಿಯಲ್ಲಿಯೇ, ಆದರೆ ನನಗಿಂತ ಚಿಕ್ಕದಾಗಿ ವಾದಿಸಿದಳು.

“ಅಪ್ಪಾ, ಸರ ಹೇಳೂದ್ರಾಗ ಒಂದು ಮಾತು ಖರೆ ಐತಿ. ಇವು ಸಣ್ಣ ದನಿಯಾಗೂ ಸ್ವಚ್ಛ ಮಾತಾಡ್ತಾವಂತ. ನಿನಗ ಬೀಗರ ಮುಂದ ಭೋಂಗಾ ಬೇಕು, ನನಗ ನನ್ನ ಮಾತು ಕೇಳಸಬೇಕು. ಇವನ್ನ ಹಂದರದಾಗ ಇಡು. ಹಂದರದ ಹೊರಗ ದನಿ ಹೋಗಬಾರದು. ಅಷ್ಟ.”

ಸಂಗಪ್ಪನವರು ಎರಡನ್ನೂ ಸುತ್ತು ಹಾಕಿ ನೋಡಿದರು. ಇಂಥ ಭೋಂಗಾ ಬೀಗರ ಏಳು ತಲೆಮಾರಿನವರೂ ಕಂಡಿರಲಾರರು. “ಆಗಲಿ,” ಎಂದರು. ನನ್ನ ಕಡೆ ಬೆರಳು ತೋರಿಸಿ ಸೇರಿಸಿದರು: “ದನಿ ಹಂದರ ದಾಟಬಾರದು. ಇದು ಮತ್ತ ನಿಮ್ಮ ಮಾತಿನ ಮ್ಯಾಲೆ ಸರ. ದಾಟಿತಂದ್ರ ಮುಂದ ಓಣಿ ನಿಮ್ಮ ಮಾತು ಕೇಳೂದಿಲ್ಲ.”

ಮದುವೆಯ ದಿನ ಬಂತು. ಹಂದರದ ಬಲಕ್ಕೆ ಇಳಕಲ್ಲು, ಎಡಕ್ಕೆ ಬಾದಾಮಿ. ಪ್ರತಿಜ್ಞೆಯ ಸಮಯದಲ್ಲಿ ಸಾವಿತ್ರಿ ಮೈಕಿನ ಮುಂದೆ ಬಾಗಿ ತನ್ನ ಮಾತು ಹೇಳಿದಳು. ಅದು ಮಾತಾಡುವ ದನಿಗಿಂತ ಒಂದು ಕೂದಲೂ ದೊಡ್ಡದಾಗಿರಲಿಲ್ಲ. ಆದರೂ ಕಡೆಯ ಸಾಲಿನಲ್ಲಿ ಕುಳಿತಿದ್ದ ಗಂಗವ್ವಜ್ಜಿ ತಲೆದೂಗಿದಳು. ಅವಳ ಅಕ್ಕ ತನ್ನ ಗಂಡನ ಮುಖ ನೋಡಿ, “ಕೇಳಸ್ಕೊಂಡ್ರೆಲ್ಲ? ನೀವೂ ಇದನ್ನ ಅಂದಿದ್ರಿ,” ಎಂದಳು. ಹೊರಗೆ ಓಣಿಯಲ್ಲಿ ಒಂದು ನಾಯಿಯೂ ಎಚ್ಚರಗೊಳ್ಳಲಿಲ್ಲ. ಸಂಗಪ್ಪನವರು ದೂರದಿಂದ ನನ್ನತ್ತ ಕೈ ಮುಗಿದರು. ಗೆದ್ದಿದ್ದೆ. ಅಲ್ಲಿಂದಲೇ ಎದ್ದು ಮನೆಗೆ ಹೋಗಬಹುದಿತ್ತು.

“ಸರ ಎರಡು ಮಾತಾಡಲಿ,” ಎಂದರು ಯಾರೋ.

ಮೈಕು ನನ್ನ ಕೈಗೆ ಬಂತು. ವಿಷಯ, ಮೌನದ ಮಹತ್ವ. ಒಂದೆರಡು ವಾಕ್ಯ ಆಡುವಷ್ಟರಲ್ಲಿ ನನ್ನದೇ ದನಿ ಇಳಕಲ್ಲಿನ ಗಾಂಭೀರ್ಯದಲ್ಲಿ ನನಗೆ ಕೇಳಿಸಿತು. ಅದು ಬಾದಾಮಿಯ ಮಾಧುರ್ಯದಲ್ಲಿ ಹೇಗೆ ಕೇಳುವುದೋ ಎಂಬ ಜಿಜ್ಞಾಸೆ ಹುಟ್ಟಿತು. ಇಷ್ಟು ದಿನ ತಪ್ಪಿಹೋಗಿದ್ದ ಪರೀಕ್ಷೆಗೆ ಇದೇ ಸದವಕಾಶ. ರಾಜೇಸಾಬರಿಗೆ ಕಣ್ಸನ್ನೆ ಮಾಡಿದೆ. ಮೌನದ ಸಾಮಾಜಿಕ ಆಯಾಮವನ್ನು ಇಳಕಲ್ಲಿನಲ್ಲಿ ವಿವರಿಸಿದೆ, ಆಧ್ಯಾತ್ಮಿಕ ಆಯಾಮವನ್ನು ಬಾದಾಮಿಯಲ್ಲಿ. ನಿರ್ಣಯ ಸ್ಪಷ್ಟವಾಗದೆ ದನಿಯನ್ನು ಸ್ವಲ್ಪ ಏರಿಸಲು ಹೇಳಿದೆ. ನ್ಯಾಯದ ದೃಷ್ಟಿಯಿಂದ ಇನ್ನೊಂದನ್ನೂ ಅಷ್ಟೇ ಏರಿಸಬೇಕಾಯಿತು. ಆ ಮೇಲೆ ಎರಡನ್ನೂ ಕೂಡಿಸಿದೆ. ಗಿರಿಜಾ ಮೊದಲ ಸಾಲಿನಿಂದ ಮಾಡುತ್ತಿದ್ದ ಸನ್ನೆಗಳು ಮೆಚ್ಚುಗೆಯವೆಂದು ನಾನು ಭಾವಿಸಿದೆ.

ಎಲೆಗೆ ಬಡಿಸಿದ ಹುಗ್ಗಿ ಆರಿತು. ಮೌನವು ಮನುಕುಲದ ಮಾತೃಭಾಷೆ ಎಂದು ನಾನು ಘೋಷಿಸುತ್ತಿರುವಾಗ ಆಚೆ ಓಣಿಯ ಹಿರಿಯರು ಹಂದರದ ಬಾಯಲ್ಲಿ ಬಂದು ನಿಂತು ಸಂಗಪ್ಪನವರನ್ನು ಕೇಳಿದರು: “ಏನ್ರಿ ಇದು? ಸದ್ದಿಲ್ಲದ ಓಣಿ ಅಂತೀರಿ. ನಮ್ಮ ಕೂಸುಗೋಳು ಎದ್ದು ಕುಂತಾವು.”

ಸಂಗಪ್ಪನವರು ವೇದಿಕೆಗೆ ಬಂದು ನನ್ನ ಕೈಯಿಂದ ಮೈಕನ್ನು ಮೆಲ್ಲಗೆ ಬಿಡಿಸಿಕೊಂಡರು. “ಸಾಕ್ರಿ ಸರ, ಭಾಷಣಾ ಮಾಡಿ ಮಾಡಿ ದಣದೀರಿ. ದೊಡ್ಡವ್ವ ಅವತ್ತ ಅಳೂ ಮುಂದ ಖರೆ ಹೇಳಿದ್ಲು.” ಆ ಮಾತೂ ಎರಡೂ ಭೋಂಗಾಗಳಲ್ಲಿ ಸ್ಪಷ್ಟವಾಗಿ ಕೇಳಿಸಿತು.

ಇಂದು ನಮ್ಮ ಓಣಿಯಲ್ಲಿ ತೊಟ್ಟಿಲಿಗೂ ಭೋಂಗಾ ಇಲ್ಲ, ಟ್ರ್ಯಾಕ್ಟರಿಗೂ ಇಲ್ಲ. ಚಳವಳಿ ಸಂಪೂರ್ಣ ಯಶಸ್ವಿಯಾಗಿದೆ. ಕಾರಣ ನನ್ನ ವಾದಗಳಲ್ಲ. ಕಟ್ಟೆಯ ಮೇಲೆ ಕುಳಿತ ಅವ್ವ ಹೋಗಿಬರುವವರಿಗೆಲ್ಲ ಅದನ್ನು ವಿವರಿಸುತ್ತಾಳೆ: “ಯಾರ ಮನಿಯಾಗರ ಮೈಕು ಕಂಡ್ರ ನನ್ನ ಮಗ ಹೋಗಿ ಮಾತಾಡ್ತಾನಂತ ಅಂಜಿ, ಎಲ್ಲಾರೂ ಬಿಟ್ಟಾರವ್ವಾ.”

ಎರಡು ಭೋಂಗಾಗಳೂ ನನ್ನ ಅಂಗಳದಲ್ಲಿವೆ. ಪೂಜೆ ಮಾಡಿ ಹೊರಹಾಕಿದ್ದನ್ನು ತಿರುಗಿ ಒಳಗೆ ತೆಗೆದುಕೊಳ್ಳುವುದಿಲ್ಲವೆಂದು ಮಹಾಂತೇಶ ಹೇಳುತ್ತಾನೆ. ಕೋಳಿ ಈಗ ಬೇರೆ ಜಾಗ ನೋಡಿಕೊಂಡಿದೆಯೆಂದು ರಾಜೇಸಾಬರು ಹೇಳುತ್ತಾರೆ. ಬಾಗಿಲು ಒಂದನ್ನೂ ಒಳಗೆ ಬಿಡುತ್ತಿಲ್ಲ. ಗಿರಿಜಾ ಇಳಕಲ್ಲಿನದರಲ್ಲಿ ಜೋಳದ ಚೀಲ ಇಟ್ಟಿದ್ದಾಳೆ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಮನೆಯ ಬಾಗಿಲು ಅಗಲವಾಗಿದ್ದರೆ ನವನಗರಕ್ಕೆ ಬಂದು ಇವೆರಡರಲ್ಲಿ ಒಂದನ್ನು ಒಯ್ಯಿರಿ. ಯಾವುದನ್ನು ಎಂದು ನನ್ನನ್ನು ಕೇಳಬೇಡಿ, ನಾನಿನ್ನೂ ನಿರ್ಧರಿಸಿಲ್ಲ. ಹಗಲು ಹೊತ್ತಿನಲ್ಲಿ ಬನ್ನಿ. ಬಿಳಿ ಬಟ್ಟೆ ತರಬೇಡಿ.